ಗುಲಾಬಿ ಶಲ್ಯದ ಭಾನುವಾರ

ಸ್ಯಾಟಿನ್ ಬಟ್ಟೆಗೆ ಬಿಸಿ ಇಸ್ತ್ರಿ ಮುಟ್ಟಿದಾಗ ಒಂದು ವಾಸನೆ ಬರುತ್ತದೆ. ಪ್ಲಾಸ್ಟಿಕ್ ಸುಟ್ಟದ್ದೂ ಅಲ್ಲ, ಕೂದಲು ಸುಟ್ಟದ್ದೂ ಅಲ್ಲ, ಎರಡರ ನಡುವಿನದು. ಮೊನ್ನೆ ಸಂಜೆ ಅಂಗಡಿಯಲ್ಲಿ ಅದು ಮೂಗಿಗೆ ಬಡಿದ ಕೂಡಲೇ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಈ ವರ್ಷದ ಕ್ಯಾನ್ಸರ್ ನಡಿಗೆಗೂ ಶಲ್ಯ ಹೊಲಿಯುವ ಕೆಲಸವನ್ನು ಶಾರದಾ ಮೇಡಂ ನನಗೇ ಕೊಟ್ಟಿದ್ದಾರೆ. ಅದೇ ಗುಲಾಬಿ ಬಣ್ಣ, ಅದೇ ನುಣುಪು, ಕತ್ತರಿಗೆ ಸಿಗದೆ ಜಾರುವ ಅದೇ ಕೆಟ್ಟ ಬುದ್ಧಿ. ಬಟ್ಟೆ ಅದೇ ಆದರೂ ಹೊಲಿಯುವ ಹೆಂಗಸು ಅದೇ ಅಲ್ಲ. ಹೋದ ವರ್ಷ ಇದನ್ನು ಕತ್ತರಿಸಿದವಳಿಗೆ ಸೊಂಟ ಮುಟ್ಟುವ ಜಡೆ ಇತ್ತು, ಎರಡು ಮೊಲೆ ಇದ್ದವು, ಒಡಹುಟ್ಟಿದವರ ವಿಷಯ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಇತ್ತು. ಈಗ ಜಡೆ ಹೋಗಿ ಗಂಡುಹುಡುಗರ ಕ್ರಾಪಿನಷ್ಟು ಕೂದಲು ಬಂದಿದೆ, ಎರಡರಲ್ಲಿ ಒಂದಿಲ್ಲ, ಜಂಬವಂತೂ ಪೂರ್ತಿ ಇಳಿದಿದೆ.

ನಾನು ಮಧುಗಿರಿಯಲ್ಲಿ ರವಿಕೆ ಹೊಲಿಯುವವಳು. ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಬಾಗಿಲಿಂದ ತಲೆ ಎತ್ತಿದರೆ ಬೆಟ್ಟವೇ ಕಾಣುವಂಥ ಜಾಗದಲ್ಲಿ ನನ್ನ ಅಂಗಡಿ. ನಮ್ಮ ಕಡೆಯ ಹೆಂಗಸರು ಸುಲಭಕ್ಕೆ ಮೈ ಅಳತೆ ಕೊಡುವುದಿಲ್ಲ. ಟೇಪು ಹಿಡಿದು ಹತ್ತಿರ ಹೋದರೆ, "ಅಯ್ಯೋ, ಅದೆಲ್ಲ ಬ್ಯಾಡ ಕಣಮ್ಮ, ತಗಾ ಅಳತೆ ರವಿಕೆ" ಅಂತ ಚೀಲದಿಂದ ಹಳೆಯದೊಂದನ್ನು ತೆಗೆದುಕೊಡುತ್ತಾರೆ. ಮೈಗೆ ಸರಿಯಾಗಿ ಕೂರುವ ಹಳೇ ರವಿಕೆಯೇ ಅಳತೆ. ಅದನ್ನು ಮೇಜಿನ ಮೇಲೆ ಹಾಸಿ, ಹಾಗೇ ಹೊಸದನ್ನು ಕತ್ತರಿಸಿ ಹೊಲಿದು, ಎರಡನ್ನೂ ಮಡಿಸಿ ವಾಪಸ್ಸು ಕೊಡಬೇಕು. ಮದುವೆಯಲ್ಲಿ ಹೊಲಿಸಿದ್ದನ್ನೇ ಮೊಮ್ಮಕ್ಕಳಾಗುವ ತನಕ ಅಳತೆಗೆ ಕಳಿಸುವವರೂ ಇದ್ದಾರೆ. "ಒಸಿ ಲೂಸ್ ಬುಡು" ಅನ್ನುತ್ತಾರೆ, ಆ ಒಸಿ ಎಷ್ಟು ಅಂತ ನಾನೇ ಊಹಿಸಬೇಕು. ಊಹೆ ತಪ್ಪಿದ್ದು ಕಡಿಮೆ. ಯಾರು ಬಸುರಿ, ಯಾರು ಸೊರಗಿದ್ದಾರೆ, ಯಾರ ಮನೆಯಲ್ಲಿ ಊಟ ಹೆಚ್ಚಾಗಿದೆ ಎಂದು ಬಟ್ಟೆ ನೋಡಿಯೇ ಹೇಳುತ್ತೇನೆ ಅಂತ ಮೆರೆಯುತ್ತಿದ್ದೆ.

ಹೋದ ವರ್ಷ ಗೌರಿ ಹಬ್ಬದ ಹೊಲಿಗೆಯೆಲ್ಲ ಮುಗಿದು ಒಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುವಾಗ ಎಡಗಡೆ, ಕಂಕುಳಿಗೆ ಹತ್ತಿರ, ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರ ಬಳಿ ಹೋಗುವವರು ನಮ್ಮಲ್ಲಿ ಯಾರಿದ್ದಾರೆ? ದಸರಾ ಹೊಲಿಗೆ ಬಂತು. ಅದು ಮುಗಿಯುವ ಹೊತ್ತಿಗೆ ರವಿಕೆ ಹಾಕಿಕೊಳ್ಳುವಾಗಲೆಲ್ಲ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಮಧುಗಿರಿ ಆಸ್ಪತ್ರೆಯವರು ತುಮಕೂರಿಗೆ ಕಳಿಸಿದರು, ತುಮಕೂರಿನವರು ಸೂಜಿ ಚುಚ್ಚಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಣ್ಣುಮಗಳು, ನನ್ನ ಕಡೆ ಕುರ್ಚಿ ಎಳೆದುಕೊಂಡು ಕೂತು ಮೆಲ್ಲಗೆ ಹೇಳಿದಳು. ಆಮೇಲೆ ಕೇಳಿದಳು: "ನಿಮ್ಮ ತಾಯಿಗೆ, ದೊಡ್ಡಮ್ಮ ಚಿಕ್ಕಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಯಾರಿಗಾದರೂ ಈ ಕಾಯಿಲೆ ಇತ್ತಾ?"

"ಇಲ್ಲ ಮೇಡಂ. ನಮ್ಮ ವಂಶದಲ್ಲೇ ಇಲ್ಲ," ಅಂದೆ. ವಂಶದ ಮೇಲೆ ಯಾರೋ ಕಳ್ಳತನದ ಆಪಾದನೆ ಹೊರಿಸಿದರೇನೋ ಎಂಬಷ್ಟು ಜೋರಾಗಿ ಅಂದೆ.

ಡಾಕ್ಟರು ತಲೆಯಾಡಿಸಿದಳು. ಕಂಕುಳಿಗೂ ಹರಡಿದೆ, ಒಂದಷ್ಟು ಮುಂಚೆ ಗೊತ್ತಾಗಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ, ಮೊದಲು ಡ್ರಿಪ್ಪಿನಲ್ಲಿ ಔಷಧಿ ಏರಿಸಿ ಗಡ್ಡೆ ಕುಗ್ಗಿಸೋಣ, ಆಮೇಲೆ ಆಪರೇಷನ್ ಅಂದಳು. ನಾನು ಅವಳ ರವಿಕೆಯ ತೋಳನ್ನೇ ನೋಡುತ್ತಿದ್ದೆ. ಹೊಲಿಗೆ ಒಂದು ಕಡೆ ಸುಕ್ಕು ಬಿದ್ದಿತ್ತು. ಯಾರು ಹೊಲಿದರಪ್ಪ ಇದನ್ನು ಅಂತ ಯೋಚಿಸುತ್ತಿದ್ದೆ.

ಬಸ್ಸಿನಲ್ಲಿ ವಾಪಸ್ಸು ಬಂದದ್ದು ಇಷ್ಟೇ ನೆನಪಿದೆ: ನಮ್ಮ ಯಜಮಾನರು ಸ್ಕ್ಯಾನಿನ ದೊಡ್ಡ ಕವರನ್ನು ತಲೆಕೆಳಗಾಗಿ ಹಿಡಿದುಕೊಂಡು ಕೂತಿದ್ದರು, ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಸೌತೆಕಾಯಿ ಮಾರುವವಳು ಕಿಟಕಿಗೆ ಬಂದಳು. ನಾನು ಅವಳ ಜೊತೆ ಚೌಕಾಸಿಗೆ ಇಳಿದೆ. ಎಳೇದು ಕೊಡು, ಬಲಿತದ್ದು ಬೇಡ, ಉಪ್ಪು ಖಾರ ಜಾಸ್ತಿ ಹಾಕು ಅಂತ ಜಗಳವಾಡಿ ಕೊಂಡು ಪೂರ್ತಿ ತಿಂದೆ. ನನಗೆ ಕ್ಯಾನ್ಸರ್ ಅಂದಿದ್ದಾರೆ, ನಾನು ಸೌತೆಕಾಯಿ ತಿನ್ನುತ್ತಿದ್ದೇನೆ. ಎರಡೂ ನಿಜ, ಆದರೆ ಎರಡೂ ಒಬ್ಬಳಿಗೇ ಆಗುತ್ತಿದೆ ಎಂದು ನಂಬಲು ಆಗುತ್ತಿರಲಿಲ್ಲ. ಯಜಮಾನರು ಪುರಸಭೆಯಲ್ಲಿ ನೀರು ಬಿಡುವ ಕೆಲಸದವರು, ಮಾತು ಕಡಿಮೆ. ಬಸ್ಸು ಹೊರಟ ಮೇಲೆ, "ಸಿದ್ದರಬೆಟ್ಟದಲ್ಲಿ ಬೇರು ಕೊಡೋರವ್ರಂತೆ, ಒಂದ್ಸಲ ನೋಡಾನ?" ಅಂದರು. "ಬೇರು ನೀವೇ ತಿನ್ನಿ, ನಾನು ಡ್ರಿಪ್ಪು ಹಾಕಿಸ್ಕತೀನಿ," ಅಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಯಾರಿಗೂ ಹೇಳಬಾರದು ಅಂತ ಅವರಿಂದ ಮಾತು ತೆಗೆದುಕೊಂಡೆ. ಮಗಳು ಸವಿತಳನ್ನು ಸಿರಾಕ್ಕೆ ಕೊಟ್ಟಿದ್ದೇವೆ. ಬೀಗಿತ್ತಿ ಒಳ್ಳೆಯವಳೇ, ಆದರೆ ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಪೇಟೆ ಸುತ್ತಿ ಬರುತ್ತದೆ. ಪುರವರದ ಅಕ್ಕನಿಗೆ ಹೇಳಿದರೆ ಕಡಲೆಕಾಯಿ ಕೀಳುವುದು ಬಿಟ್ಟು ಬಂದು ನನ್ನ ಮುಂದೆ ಕೂತು ಅಳುತ್ತಾಳೆ. ಬಲಸಮುದ್ರದ ತಂಗಿ ಪದ್ಮ ಮೊದಲೇ ಪುಕ್ಕಲು. ಅಲ್ಲದೆ ನಮ್ಮಲ್ಲಿ ಇದಕ್ಕೆ ಹೆಸರೇ ಇಲ್ಲ. "ಆ ಕಾಯಿಲೆ" ಅನ್ನುತ್ತಾರೆ, ಅಂದು ದನಿ ತಗ್ಗಿಸುತ್ತಾರೆ. ಆ ತಗ್ಗಿದ ದನಿ ನನ್ನ ಬೆನ್ನ ಹಿಂದೆ ಕೇಳುವುದು ನನಗೆ ಬೇಕಿರಲಿಲ್ಲ.

ಇಂಥ ಹೊತ್ತಿಗೇ ಶಾರದಾ ಮೇಡಂ ಎರಡು ಥಾನು ಸ್ಯಾಟಿನ್ ಹೊರಿಸಿಕೊಂಡು ಅಂಗಡಿಗೆ ಬರಬೇಕೆ? ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ಮಹಿಳಾ ಸಂಘ ನಡೆಸುತ್ತಾರೆ. ಕಾಯಿಲೆಯವರು ತುಮಕೂರು, ಬೆಂಗಳೂರಿಗೆ ಓಡಾಡುವ ಖರ್ಚಿಗೆ ದುಡ್ಡು ಎತ್ತಲು ಊರೊಳಗೆ ಒಂದು ನಡಿಗೆ ಇಟ್ಟುಕೊಂಡಿದ್ದೇವೆ, ಎಲ್ಲರ ಕೊರಳಿಗೂ ಶಲ್ಯ ಬೇಕು ಅಂದರು. ಜೊತೆಗೆ ನಡೆಯುವವರಿಗೆ ಬಿಳಿ. ಕಾಯಿಲೆ ಬಂದವರಿಗೆ ಗುಲಾಬಿ, ಅದರ ಮೇಲೆ "ಗೆದ್ದವರು" ಅಂತ ಅಚ್ಚು ಹಾಕಿಸುತ್ತೇವೆ ಅಂದರು. ಎಲೆಕ್ಷನ್ ಬಂದಾಗ ಎಲ್ಲ ಪಾರ್ಟಿಗೂ ಶಲ್ಯ ಹೊಲಿದವಳು ನಾನು, ಶಲ್ಯ ಹೊಸದಲ್ಲ. ಆದರೆ ಗುಲಾಬಿ ಥಾನನ್ನು ಬಿಚ್ಚದೆ ಮೇಜಿನ ತುದಿಗೆ ಸರಿಸಿದೆ.

"ಗುಲಾಬಿ ಇಷ್ಟೊಂದು ಯಾಕೆ ಮೇಡಂ? ಯಾರು ಹಾಕ್ಕತಾರೆ? ನಮ್ಮೂರಲ್ಲಿ ಆ ಕಾಯಿಲೆ ಯಾರ್ಗೂ ಇಲ್ಲ. ಬಂದೋರೆಲ್ಲ ಸತ್ತೋಗವ್ರೆ," ಅಂದೆ.

ಮೇಡಂ ನಗಲಿಲ್ಲ. "ಇದಾರೆ ರತ್ನ, ಸೆರಗು ಹೊದ್ದುಕೊಂಡು ಇದಾರೆ. ನೋಡ್ತಿರು. ಗೊತ್ತಾದ ದಿನದಿಂದಾನೇ ಗೆದ್ದೋರ ಲೆಕ್ಕ ಅಂತ ಡಾಕ್ಟ್ರು ಹೇಳ್ತಾರೆ," ಅಂದರು.

ಯುದ್ಧಕ್ಕೇ ಹೋಗದವಳು ಗೆದ್ದವಳು ಹೇಗಾಗುತ್ತಾಳೆ ಎಂದು ನನಗೆ ಸಿಟ್ಟು ಬಂತು. ಮೇಡಂ ಮೇಲಲ್ಲ, ಆ ಅಚ್ಚಿನ ಮೇಲೆ. ತಲೆ ತಗ್ಗಿಸಿ ಮಿಷನ್ನು ತುಳಿದೆ. ಆ ವಾರ ಪೂರ್ತಿ ಅಂಗಡಿಯಲ್ಲಿ ಸ್ಯಾಟಿನ್ ಸುಟ್ಟ ವಾಸನೆ. ಗುಲಾಬಿ ಶಲ್ಯಗಳ ಅಂಚು ಮಡಿಸುವಾಗ ಇದನ್ನು ಹಾಕಿಕೊಂಡು ಊರ ನಡುವೆ ನಡೆಯುವ ಎದೆಗಾರಿಕೆ ಯಾವ ತಾಯಿಗಿದೆಯೋ ಎಂದುಕೊಳ್ಳುತ್ತಿದ್ದೆ. ನನಗಂತೂ ಇರಲಿಲ್ಲ. ಕಂತೆ ಒಪ್ಪಿಸಿ ಬಂದುಬಿಡುವುದು, ಮಂಗಳವಾರ ಡ್ರಿಪ್ಪಿಗೆ ಹೋಗುವುದು, ಊರಿಗೆ ಏನೋ ಒಂದು ನೆವ ಹೇಳುವುದು, ಇಷ್ಟೇ ನನ್ನ ಯೋಜನೆ.

ಭಾನುವಾರ ಬೆಳಿಗ್ಗೆ ಬೆಟ್ಟದ ನೆತ್ತಿಯ ಮೇಲೆ ಇನ್ನೂ ಮೋಡ ಕೂತಿತ್ತು. ರಾತ್ರಿ ಮಳೆ ಬಿದ್ದು ರಸ್ತೆಯೆಲ್ಲ ಒದ್ದೆ. ಬೆಟ್ಟದ ಬುಡದಲ್ಲಿ ಶಾಮಿಯಾನ, ತಮಟೆಯವರು, ಶಾಲೆ ಮಕ್ಕಳ ಬ್ಯಾಂಡು, ಬಿಳಿ ಕೋಟಿನ ನರ್ಸಿಂಗ್ ಹುಡುಗಿಯರು. ಅಚ್ಚು ಹಾಕಿಸಿ ತಂದಿದ್ದ ಕಂತೆಯನ್ನು ನಾನು ಬಿಚ್ಚಿ ಮೇಜಿನ ಮೇಲೆ ಬಿಳಿಯದು ಒಂದು ಕಡೆ, ಗುಲಾಬಿ ಒಂದು ಕಡೆ ಜೋಡಿಸಿದೆ. ಬಿಳಿಯ ಮುಂದೆ ನೂಕುನುಗ್ಗಲು. ಗುಲಾಬಿಯ ಮುಂದೆ ಯಾರೂ ಇಲ್ಲ. ನಾನು ಹೇಳಲಿಲ್ಲವೇ ಅನ್ನುವ ಹಾಗೆ ಮೇಡಂ ಮುಖ ನೋಡಿದೆ. ಆಗ ಹಣ್ಣಿನ ಅಂಗಡಿಯ ಹೆಂಗಸೊಬ್ಬಳು ಬಂದು ಯಾರ ಮುಖವನ್ನೂ ನೋಡದೆ ಒಂದು ಗುಲಾಬಿ ತೆಗೆದುಕೊಂಡಳು. ಅವಳ ಹಿಂದೆ ರಿಟೈರಾದ ಪೋಸ್ಟ್ ಮ್ಯಾನ್, ಅವರದು ಗಂಟಲಿನದಂತೆ. ಆಮೇಲೆ ಇನ್ನಿಬ್ಬರು. ಎಲ್ಲರೂ ನಾನು ದಿನಾ ನೋಡುವವರೇ. ಎಲ್ಲಿ ಇಟ್ಟುಕೊಂಡಿದ್ದರು ಇವರೆಲ್ಲ ಇದನ್ನು, ಇಷ್ಟು ದಿನ?

ಪುರವರದ ಟೆಂಪೋ ಬಂದು ನಿಂತಿತು. ಸಂಘದ ಹೆಂಗಸರು ಒಬ್ಬೊಬ್ಬರೇ ಇಳಿದರು. ಕೊನೆಯಲ್ಲಿ, ಎರಡು ಹೆಗಲ ಮೇಲೂ ಸೆರಗು ಹೊದ್ದುಕೊಂಡು, ನಮ್ಮ ಅಕ್ಕ ಗಂಗಮ್ಮ ಇಳಿದಳು. ಅಮ್ಮ ತೀರಿಕೊಂಡಾಗ ನಾನೂ ಪದ್ಮಳೂ ಸಣ್ಣವರು. ನಮಗೆ ಜಡೆ ಹಾಕಿ, ತಿನ್ನಿಸಿ ಉಣ್ಣಿಸಿ, ಇಬ್ಬರನ್ನೂ ದಡ ಮುಟ್ಟಿಸಿದವಳು ಅವಳು. ಅವಳನ್ನು ನೋಡಿ ಮೊದಲು ಶಾಮಿಯಾನದ ಕಂಬದ ಮರೆಗೆ ಸರಿದೆ. ಆಮೇಲೆ, ನಾನು ಶಲ್ಯ ಕೊಡಲು ಬಂದ ದರ್ಜಿಯಲ್ಲವೇ, ಯಾರಿಗೂ ಅನುಮಾನ ಬರಬೇಕಾಗಿಲ್ಲ ಅಂತ ಧೈರ್ಯ ತಂದುಕೊಂಡು ಒಂದು ಬಿಳಿ ಶಲ್ಯ ಎತ್ತಿ ಬೀಸಿದೆ. ಅವಳು ನೋಡಲಿಲ್ಲ. ಸೀದಾ ಮೇಜಿನ ಆ ತುದಿಗೆ ಹೋಗಿ ಗುಲಾಬಿ ಶಲ್ಯ ಎತ್ತಿಕೊಂಡಳು.

ಅಕ್ಕನಿಗೆ ಓದು ಬರುವುದಿಲ್ಲ. ಬಣ್ಣ ಚೆನ್ನಾಗಿದೆ ಅಂತ ತೆಗೆದುಕೊಂಡಿದ್ದಾಳೆ ಅಂದುಕೊಂಡೆ. ನಗುನಗುತ್ತಲೇ ಹತ್ತಿರ ಹೋಗಿ, "ಅಕ್ಕ, ಅದಲ್ಲ ಕಣೇ. ಅದು ಆ ಕಾಯಿಲೆಯೋರಿಗೆ. ನೀನು ಬಿಳೀದು ತಗಾ," ಅಂದೆ.

ಅಕ್ಕ ನನ್ನನ್ನು ಅಲ್ಲಿ ನಿರೀಕ್ಷಿಸಿರಲಿಲ್ಲ. ಒಂದು ಗಳಿಗೆ ಶಲ್ಯವನ್ನು ಸೆರಗಿನೊಳಗೆ ಮುಚ್ಚಿಡಲು ಹೋದಳು. ಆಮೇಲೆ ಕೈ ಹೊರಗೆ ತೆಗೆದಳು.

"ನಂದು ಇದೇ ಕಣೇ," ಅಂದಳು.

ತಮಟೆ ಬಡಿಯುತ್ತಿದ್ದರೂ ನನಗೆ ಸರಿಯಾಗಿಯೇ ಕೇಳಿಸಿತ್ತು. ಕೇಳಿಸಿದ್ದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಸವಿತಳ ಮದುವೆ ಮಾತು ನಡೆಯುತ್ತಿದ್ದ ವರ್ಷ ಅಕ್ಕ ಭಾವನ ತಂಗಿ ಮಗಳ ಬಾಣಂತನಕ್ಕೆ ಅಂತ ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಉಳಿದಿದ್ದಳು. ವಾಪಸ್ಸು ಬರುವಾಗ ತಲೆ ಬೋಳು. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದೆ ಅಂದಳು. ಮದುವೆ ಎದುರಿಗಿಟ್ಟುಕೊಂಡು ಮುಡಿ ಕೊಡ್ತಾರಾ ಯಾರಾದ್ರೂ, ಫೋಟೋದಲ್ಲಿ ಹೆಂಗೆ ಕಾಣ್ತೀಯ ಅಂತ ನಾನು ಬೈದಿದ್ದೆ. ಸವಿತನ್ ಮದ್ವೆ ಸಲೀಸಾಗಿ ಆಗ್ಲಿ ಅಂತ್ಲೇ ಹರಸ್ಕಂಡಿದ್ದೆ ಕಣೇ ಅಂದಿದ್ದಳು. ನಮ್ಮ ಕಡೆ ತಿಮ್ಮಪ್ಪನಿಗೆ ಮುಡಿ ಕೊಟ್ಟ ಹೆಂಗಸನ್ನು ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ, ಕೈ ಮುಗಿಯುತ್ತಾರೆ. ಆಮೇಲಿಂದಲೇ ಅಲ್ಲವೇ ಅವಳು ಎರಡು ಹೆಗಲಿಗೂ ಸೆರಗು ಹೊದೆಯಲು ಶುರು ಮಾಡಿದ್ದು? ಅಕ್ಕನಿಗೆ ಭಕ್ತಿ ಜಾಸ್ತಿಯಾಯಿತು ಅಂತ ನಾವೆಲ್ಲ ತಮಾಷೆ ಮಾಡಿದೆವಲ್ಲ. ಮತ್ತೆ ರವಿಕೆ? ಹಬ್ಬ ಹಬ್ಬಕ್ಕೂ ನನ್ನ ಹತ್ತಿರವೇ ಹೊಲಿಸುತ್ತಾಳೆ. ಅದೇ ಹಳೇ ಹಸಿರು ಅಳತೆ ರವಿಕೆ ಕಳಿಸುತ್ತಾಳೆ, ನಾನು ಅದರಂತೆಯೇ ಹೊಲಿದು ಕಳಿಸುತ್ತೇನೆ. ಇಷ್ಟು ವರ್ಷ ನಾನು ನನ್ನ ಅಕ್ಕನಿಗೆ ಹೊಲಿದದ್ದು ಅವಳಿಗೆ ಇಲ್ಲದ ಮೈಗೆ. ಊರ ಹೆಂಗಸರ ಮೈಯೆಲ್ಲ ಬಲ್ಲೆ ಅನ್ನುತ್ತಿದ್ದವಳು ನಾನು.

ಮೇಜಿನ ಮೇಲಿಂದ ಒಂದು ಗುಲಾಬಿ ಶಲ್ಯ ತೆಗೆದು ನನ್ನ ಕೊರಳಿಗೆ ಹಾಕಿಕೊಂಡೆ.

"ಲೇ, ತೆಗಿಯೇ ಅದನ್ನ!" ಅಕ್ಕ ಗದರಿದಳು. "ಇದ್ರಲ್ಲೆಲ್ಲ ತಮಾಸೆ ಮಾಡ್ಬಾರ್ದು."

"ತಮಾಸೆ ಅಲ್ಲ ಕಣಕ್ಕ. ನಂದೂ ಇದೇ."

ಶಲ್ಯದ ತುದಿ ಹಿಡಿದು ಎಳೆಯಲು ಬಂದ ಅಕ್ಕನ ಕೈ ಹಾಗೇ ನಿಂತಿತು. ಅಷ್ಟರಲ್ಲಿ ಮೇಡಂ ಗುಲಾಬಿಯವರೆಲ್ಲ ಮುಂದೆ ಬನ್ನಿ ಅಂತ ಮೈಕಿನಲ್ಲಿ ಕರೆದರು, ನರ್ಸಿಂಗ್ ಹುಡುಗಿಯರು ನಮ್ಮಿಬ್ಬರ ಕೈ ಹಿಡಿದು ಸಾಲಿಗೆ ನಿಲ್ಲಿಸಿದರು, ಬ್ಯಾಂಡು ಹೊರಟಿತು. ನಾನು ನಡೆದೆ. ಹೀಗೆ ನಡೆಯಬೇಕು ಅಂತ ನಾನು ತೀರ್ಮಾನ ಮಾಡಲೇ ಇಲ್ಲ, ಕಾಲು ಅಲ್ಲಿತ್ತು, ರಸ್ತೆ ಅಲ್ಲಿತ್ತು.

ಪೇಟೆ ಬೀದಿಯಲ್ಲಿ ಜನ ಅಂಗಡಿಗಳಿಂದ ಹೊರಗೆ ಬಂದು ನಿಂತು ನೋಡಿದರು. ನನ್ನ ಗಿರಾಕಿಗಳು ಎಷ್ಟೋ ಮಂದಿ. ಒಬ್ಬಳು ನನ್ನನ್ನೂ ಶಲ್ಯವನ್ನೂ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಊರು ನೋಡುತ್ತದೆ ಎಂದು ಯಾವುದಕ್ಕೆ ಹೆದರಿದ್ದೆನೋ ಅದು ಆಗುತ್ತಿತ್ತು, ನನಗೆ ಅದರ ಕಡೆ ಗಮನವೇ ಇರಲಿಲ್ಲ. ನಾವಿಬ್ಬರೂ ಮುಂದೆ ನೋಡಿಕೊಂಡು, ತಮಟೆ ಸದ್ದಿನ ಮರೆಯಲ್ಲಿ ಜಗಳವಾಡುತ್ತಿದ್ದೆವು.

"ಯಾವಾಗ್ ಗೊತ್ತಾಯ್ತು?" ಅಕ್ಕ ಕೇಳಿದಳು.

"ದಸರಾ ಆದ್ಮೇಲೆ. ಕಂಕುಳಿಗೂ ಹೋಗೈತಂತೆ. ಮಂಗಳವಾರದಿಂದ ಡ್ರಿಪ್ಪು."

"ಅಯ್ಯೋ ಸಿವನೇ."

"ಸಿವ ಇರ್ಲಿ. ನಿಂಗೆ ಬಂದಾಗ ಡಾಕ್ಟ್ರು ಏನೂ ಕೇಳ್ಲಿಲ್ವಾ? ಅಕ್ಕ ತಂಗೀರವ್ರಾ ಅಂತ ಕೇಳ್ಲಿಲ್ವಾ? ನನ್ನಂತೂ ಕೇಳಿದ್ರು."

ಮುಂದಿನ ಸಾಲಿನ ಹುಡುಗಿಯರು "ಬೇಗ ತೋರಿಸಿ, ಜೀವ ಉಳಿಸಿ" ಅಂತ ಕೂಗಿದರು. ಅದು ಮುಗಿಯುವ ತನಕ ಕಾದು ಅಕ್ಕ ಅಂದಳು:

"ಕೇಳಿದ್ರು ಕಣೇ. ಇಬ್ರು ತಂಗೀರವ್ರೆ ಅಂದೆ. ಅವ್ರುನ್ನೂ ಕರ್ಕಂಬಂದು ತೋರ್ಸಿ, ವರ್ಸ ವರ್ಸ ತೋರ್ಸಿ ಅಂದ್ರು."

"ಮತ್ತೆ?"

"ಹೆಂಗೇಳ್ಲಿ? ಸಿರಾದೋರು ಸವಿತನ್ನ ನೋಡ್ಕಂಡೋಗಿ ಇನ್ನೂ ಹೂಂ ಅಂದಿರ್ಲಿಲ್ಲ. ವಂಸದಲ್ಲಿ ಇಂಗೈತೆ ಅಂದ್ರೆ ಒಪ್ತಿದ್ರಾ? ಮದ್ವೆ ಆಗ್ಲಿ ಆಮ್ಯಾಕೆ ಹೇಳಾನ ಅಂದ್ಕಂಡೆ. ಮದ್ವೆ ಆಯ್ತು. ಅವ್ಳ ಬಾಳಾಟ ಚೆನ್ನಾಗಾಗ್ಲಿ ಅಂದ್ಕಂಡೆ. ಅಂಗೇ ವರ್ಸ ಕಳ್ದೋದ್ವು. ನಂಗೆ ವಾಸಿ ಆಗ್ಬುಡ್ತು, ನಿಮ್ಗ್ಯಾಕೆ ಬತ್ತದೆ ಅಂದ್ಕಂಡೆ." ಸಣ್ಣ ದನಿಯಲ್ಲಿ ಸೇರಿಸಿದಳು: "ಅಮ್ಮಂದೂ ಜ್ವರ ಅಲ್ಲ ಕಣೇ."

ನಾನು ನಡೆಯುವುದು ನಿಲ್ಲಿಸಿದೆ. ಹಿಂದಿನವರು ಬಂದು ಮೈಮೇಲೆ ಬಿದ್ದರು. ಅಮ್ಮ ಜ್ವರ ಬಂದು ಸತ್ತಳು, ಇಷ್ಟು ವರ್ಷ ನಾನು ಎಲ್ಲರಿಗೂ ಹೇಳಿದ್ದು ಅದನ್ನೇ. ಅಮ್ಮನ ಎದೆಯ ಹುಣ್ಣನ್ನು ಅಕ್ಕ ದಿನಾ ಬಾಗಿಲು ಹಾಕಿಕೊಂಡು ತೊಳೆಯುತ್ತಿದ್ದಳಂತೆ, ಆಗ ಅವಳಿಗೆ ಇನ್ನೂ ಮದುವೆ ಕೂಡ ಆಗಿರಲಿಲ್ಲ.

"ಅಂಗಂದ್ರೆ ಗೊತ್ತಿದ್ದೂ ಗೊತ್ತಿದ್ದೂ ನನ್ನ ಸಾಯಾಕೆ ಬುಟ್ಟೆ," ಅಂದೆ.

ಆ ಮಾತು ಬಹಳ ದೊಡ್ಡದು. ಆಡಿದ ಮೇಲೆ ವಾಪಸ್ಸು ತೆಗೆದುಕೊಳ್ಳಬೇಕು ಎಂದು ನನಗೆ ಅನ್ನಿಸಲಿಲ್ಲ. ಅಕ್ಕ ಅದನ್ನು ತಡೆದುಕೊಂಡಳು, ನಡೆದಳು, ನಾನೂ ನಡೆದೆ. ಕಾಲೇಜು ಮೈದಾನದ ಗೇಟಿನ ಹತ್ತಿರ ಅವಳು ನನ್ನ ಕಡೆ ತಿರುಗಿದಳು.

"ನಮ್ ಸಂಘದಲ್ಲಿ ಸಣ್ ವಯಸ್ಸಿನೋಳೊಬ್ಳು ಯಾರ್ಗೂ ಹೇಳ್ದೆ ಮುಚ್ಚಿಟ್ಕಂಡು ಶ್ರಾವಣದಲ್ಲಿ ಸತ್ತೋದ್ಲು. ಅದ್ಕೇ ಇವತ್ತು ಇದ್ನ ಹಾಕ್ಕಂಡೆ. ಇಲ್ಲಿಂದ ನಿನ್ ಮನೆಗೇ ಬಂದು ಹೇಳಾನ ಅಂತಿದ್ದೆ. ನಾನು ಮಾಡಿದ್ದು ತಪ್ಪೇ ಕಣೇ, ಬೈ. ನೀನು? ನೀನು ಯಾರ್ಗೇಳಿದೀಯ? ಸವಿತಂಗೇಳಿದ್ಯಾ? ಪದ್ದಿಗೇಳಿದ್ಯಾ?"

ಮೈದಾನದಲ್ಲಿ ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು ಹಂಚುತ್ತಿದ್ದರು. ನಾನು ಎಲೆ ಕೈಯಲ್ಲಿ ಹಿಡಿದು ನಿಂತಿದ್ದೆ. ಪದ್ದಿ ಪುಕ್ಕಲು, ಹೇಳಿದರೆ ಹೆದರುತ್ತಾಳೆ ಎಂಬ ನನ್ನ ಕಾರಣ ಬಾಯಿಗೆ ಬಂತು. ಅಕ್ಕನ ಕಾರಣಗಳ ಪಕ್ಕದಲ್ಲಿ ಇಟ್ಟರೆ ಅದು ಇನ್ನೂ ಬಡಕಲಾಗಿತ್ತು. ಎಲೆಯನ್ನು ಮೇಜಿನ ಮೇಲಿಟ್ಟು, "ನಡಿ," ಅಂದೆ. "ಪದ್ದಿ ಮನೆಗೋಗಾನ. ಪಾವಗಡದ ಬಸ್ಸು ಸಿಗ್ತದೆ."

ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ, ನಾನು ಈ ಕಡೆ. ಸವಿತಳಿಗೆ ಫೋನು ಮಾಡಿ ಎಲ್ಲ ಹೇಳಿದೆ, ಅಕ್ಕನದೂ ಸೇರಿಸಿ. "ಬಸ್ಸಲ್ಲಿ ಕೂತ್ಕೊಂಡು ಹೇಳೋ ವಿಷ್ಯಾನಾ ಅಮ್ಮ ಇದು? ನಾಳೆ ಬೆಳಿಗ್ಗೆ ಬರ್ತೀನಿ, ಎಲ್ಲೂ ಹೋಗ್ಬೇಡ," ಅಂತ ಅಳುತ್ತ ರೇಗಿದಳು. ಬೀಗಿತ್ತಿಗೆ ಹೇಳಬೇಡ ಅನ್ನಲು ಹೋದೆ, ಅಷ್ಟರಲ್ಲಿ ಹಿಂದಿನಿಂದ ಬೀಗಿತ್ತಿಯ ದನಿಯೇ ಏನಾಯ್ತು ಏನಾಯ್ತು ಅಂತ ಕೇಳಿಸಿತು. ಆಗಲಿ ಬಿಡು, ಸಿರಾ ಪೇಟೆಗೂ ಗೊತ್ತಾಗಲಿ ಅಂತ ಫೋನು ಇಟ್ಟೆ. ಪಾವಗಡದಲ್ಲಿ ಇಳಿದು ಬಲಸಮುದ್ರದ ಆಟೋ ಹಿಡಿದೆವು. ಮಧುಗಿರಿಯ ಮೋಡ ಅಲ್ಲಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಯಾನಲ್ಲುಗಳು ಬಿಸಿಲಿಗೆ ಹೊಳೆದು ಕಣ್ಣು ಬಿಡಲು ಆಗುತ್ತಿರಲಿಲ್ಲ.

ಪದ್ಮ ವಾರವೆಲ್ಲ ಆ ಪ್ಯಾನಲ್ಲು ತೊಳೆಯುವ ಕೆಲಸಕ್ಕೆ ಹೋಗುತ್ತಾಳೆ. ಭಾನುವಾರವಾದ್ದರಿಂದ ಮನೆಯಲ್ಲಿದ್ದಳು, ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಅಲ್ಲಿ ಸೇರಿದ ಮೇಲೆ ಅವಳ ಬಾಯಲ್ಲಿ ಅರ್ಧ ತೆಲುಗು. "ಏಮೈಂದಿ, ಏನಾಯ್ತು ಇಬ್ರೂ ಒಟ್ಟಿಗೆ?" ಅಂತ ತಲೆ ಎತ್ತಿದವಳು ನಮ್ಮ ಕೊರಳು ನೋಡಿ ನಕ್ಕಳು. "ಇದ್ಯಾವ ಪಾರ್ಟಿ ಸೇರ್ಕಂಡ್ರಿ?"

ಶಲ್ಯ ತೆಗೆಯುವುದನ್ನೇ ಮರೆತಿದ್ದೆವು. ಪಾವಗಡದ ತನಕ ಬಸ್ಸಿನವರೆಲ್ಲ ನಮ್ಮನ್ನು ಯಾಕೆ ಹಾಗೆ ನೋಡುತ್ತಿದ್ದರು ಅಂತ ಆಗ ಗೊತ್ತಾಯಿತು. ಅಕ್ಕ ಜಗಲಿಯ ಮೇಲೆ ಕೂತು, ಮೊದಲು ಅಮ್ಮನದು, ಆಮೇಲೆ ತನ್ನದು, ಆಮೇಲೆ ನನ್ನದು, ಒಂದಾದ ಮೇಲೊಂದು ಹೇಳಿದಳು. ಎಲ್ಲಿಯೂ ಅಳಲಿಲ್ಲ. "ನಾಡಿದ್ದು ರತ್ನನ್ ಜೊತೆ ನೀನೂ ಬಂದು ತೋರಿಸ್ಕಬೇಕು," ಅಂತ ಮುಗಿಸಿದಳು.

ಪದ್ಮ ಅಳುತ್ತಾಳೆ, ಕಿರುಚುತ್ತಾಳೆ ಅಂದುಕೊಂಡಿದ್ದೆ. ಅವಳ ಮಡಿಲಲ್ಲಿದ್ದ ಕಡಲೆಬೀಜವೆಲ್ಲ ನೆಲಕ್ಕೆ ಸುರಿಯಿತು. ಅವಳ ಬಲಗೈ ಸೆರಗಿನೊಳಗೆ ಹೋಗಿ ಎಡಗಡೆ ಒಂದು ಜಾಗದಲ್ಲಿ ನಿಂತಿತು. ಹುಡುಕಲಿಲ್ಲ, ಸೀದಾ ಅಲ್ಲಿಗೇ ಹೋಯಿತು.

"ಯಾವಾಗಿಂದ?" ಅಂದೆ.

"ವರಮಾಲಕ್ಷ್ಮಿ ಹಬ್ಬದಿಂದ. ಸಣ್ಣದು, ಕಡಲೆಬೀಜದಷ್ಟು." ಅವಳ ದನಿ ಎಳೇ ಮಗುವಿನ ಹಾಗಿತ್ತು. "ನಿಮ್ಗೇಳಿದ್ರೆ ಗಾಬ್ರಿ ಬೀಳ್ತೀರಂತ..."

ಅಕ್ಕ ಎದ್ದು ಅವಳ ಕೆನ್ನೆಗೆ ಚಟೀರೆಂದು ಒಂದು ಬಿಟ್ಟಳು. ನಮ್ಮನ್ನು ಸಾಕುವಾಗ ಒಂದು ದಿನವೂ ಕೈ ಎತ್ತಿದವಳಲ್ಲ. ಹೊಡೆದ ಕೈಯನ್ನು ಆ ಕೆನ್ನೆಯ ಮೇಲೆಯೇ ಇಟ್ಟುಕೊಂಡು ನಿಂತಳು, ಪದ್ಮ ಅವಳ ಹೊಟ್ಟೆಗೆ ತಲೆಯಿಟ್ಟು ಬಿಕ್ಕಿದಳು. ಪಕ್ಕದ ಮನೆಯವರು ಬಂದು ಯಾರು ಹೋದರು ಅಂತ ಕೇಳಿದರು. ಯಾರೂ ಹೋಗಿಲ್ಲ, ಎಲ್ಲರೂ ಇದ್ದೇವೆ ಅಂದೆ.

ಮಂಗಳವಾರ ಮೂವರೂ ತುಮಕೂರಿಗೆ ಹೋದೆವು. ನನ್ನ ಕೈಗೆ ಡ್ರಿಪ್ಪು ಏರಿಸಿದ ದಿನವೇ ಪದ್ಮಳಿಗೆ ಸೂಜಿ ಪರೀಕ್ಷೆ. ಡಾಕ್ಟರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಆವತ್ತು ವಂಶದಲ್ಲೇ ಯಾರಿಗೂ ಇಲ್ಲ ಅಂದಿದ್ದಿರಲ್ಲ?"

"ಆವತ್ತು ಇರ್ಲಿಲ್ಲ ಮೇಡಂ," ಅಂದೆ. ಬೇರೆ ಏನು ಹೇಳಲಿ?

ಪದ್ಮಳ ರಿಪೋರ್ಟ್ ಬರುವ ಹೊತ್ತಿಗೆ ನನ್ನ ಜಡೆ ಬಾಚಣಿಗೆಗೆ ಸಿಕ್ಕಲ್ಲೆಲ್ಲ ಕಿತ್ತು ಬರುತ್ತಿತ್ತು. ಮತ್ತೆ ಮೂವರೂ ಹೋದೆವು. ಡಾಕ್ಟರು ಕಾಗದ ತಿರುವಿ, ಕಾಯಿಲೆ ಅದೇ ಅಂದಳು. ಪದ್ಮ ನನ್ನ ಕೈ ಹಿಡಿದುಕೊಂಡಳು, ಅವಳ ಉಗುರು ನನ್ನ ಅಂಗೈಗೆ ನಾಟಿತು. "ಆದರೆ ಚಿಕ್ಕದು," ಡಾಕ್ಟರು ಹೇಳುತ್ತಿದ್ದಳು. "ಎಲ್ಲೂ ಹರಡಿಲ್ಲ. ಗಂಟು ಮಾತ್ರ ತೆಗೆದರೆ ಸಾಕು. ಪುಣ್ಯವಂತರು ನೀವು, ಬೇಗ ಬಂದಿದ್ದೀರಿ." ಪದ್ಮ ಅವಳಿಗೆ ಕೈ ಮುಗಿದು ತೆಲುಗಿನಲ್ಲಿ ಏನೇನೋ ಅಂದಳು. ನಾನು ಸಂತೋಷಕ್ಕೆ ಅಕ್ಕನ ಕಡೆ ತಿರುಗಿದರೆ ಅಕ್ಕ ಅಲ್ಲಿರಲಿಲ್ಲ.

ಹೊರಗೆ ಬಂದೆ. ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಕೂತು ಅವಳು ಅಳುತ್ತಿದ್ದಳು. ಅಮ್ಮ ಸತ್ತಾಗ, ತನ್ನ ಮೈ ಕತ್ತರಿಸಿದಾಗ, ಜಗಲಿಯ ಮೇಲೆ ಕೂತು ಎಲ್ಲ ಹೇಳಿದಾಗ ಬಾರದಿದ್ದ ಅಳುವೆಲ್ಲ ಒಟ್ಟಿಗೆ ಬಂದಿತ್ತು. ಜನ ನೋಡುತ್ತಿದ್ದರು, ಅವಳಿಗೆ ಸೆರಗಿನ ಮೇಲೂ ಗಮನವಿರಲಿಲ್ಲ.

"ನಿಂಗೂ ಇದೇ ಮಾತು ಹೇಳ್ತಿದ್ರಲ್ಲೇ ರತ್ನ," ಅಂದಳು. "ನಾನು ಬಾಯ್ ಬುಟ್ಟಿದ್ರೆ ನಿಂಗೂ ಬೇಗ ಬಂದಿದೀರ ಅಂತಿದ್ರಲ್ಲೇ."

ಬುಡಕ್ಕ, ಅಂಗೆಲ್ಲ ಏನಿಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ನಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಇಷ್ಟು ಕಾಲವೂ ಹೇಳಿಕೊಂಡು ಬಂದದ್ದು ಅದನ್ನೇ. ನುಂಗಿಕೊಂಡೆ.

"ಹೂಂ ಕಣಕ್ಕ," ಅಂದೆ, "ಅಂತಿದ್ರು." ಅಂದು, ಅವಳ ಪಕ್ಕ ಕೂತೆ.